ರೋಗವಿಲ್ಲದವಳ ಗುಳಿಗೆ

“ಏ ರಂಡಿ, ಬಾಯಿ ಅತ್ತಾಗ ತಗಿ! ಲಾಳಿಗೆ ಎಂಜಲ ಹಚ್ಚಬ್ಯಾಡ!”

ಶೇವಂತಿ ಬೆಚ್ಚಿಬಿದ್ದಳು. ನೂಲು ಸುತ್ತಿದ ಹೊಸ ಕಂಡಕಿಯನ್ನು ಲಾಳಿಗೆ ಹಾಕಿ, ಅದರ ತೂತಿಗೆ ತುಟಿಯಿಟ್ಟು ನೂಲಿನ ಎಳೆಯನ್ನು ಹೀರಿ ಹೊರಗೆಳೆಯುತ್ತಿದ್ದಳು. ಬನಹಟ್ಟಿಯ ಮಗ್ಗದ ಮಂದಿ ಎಳೆ ಪೋಣಿಸುವುದೇ ಹಾಗೆ. ಸೀರೆ ಉಡುವವರಿಗೆ ಇದು ಗೊತ್ತಿಲ್ಲದಿರುವುದೇ ಒಳ್ಳೆಯದು.

ಮಾಲೀಕ ಶಿವಯೋಗೆಪ್ಪ ಮೂಗಿಗೆ ಟವಲು ಒತ್ತಿಕೊಂಡು ನಿಂತಿದ್ದ. ಅವಳ ಬುತ್ತಿಚೀಲದಿಂದ ತೆಗೆದ ಗುಳಿಗೆಗಳು ಅವನ ಇನ್ನೊಂದು ಕೈಯಲ್ಲಿದ್ದವು.

“ಗಂಡಂದು ನಿನಗೂ ಹತ್ತೇತೇನ?”

“ಇಲ್ರೀ ಸಾವಕಾರ್ರ. ಎದಿ ಫೋಟೋ ತಗದ ನೋಡ್ಯಾರ್ರಿ, ಏನೂ ಇಲ್ಲಂತ. ಮುಂದ ಬರಬಾರ್ದಂತ ಆರ ತಿಂಗಳ ನುಂಗಂದಾರ್ರಿ.”

“ಯಾರಿಗೆ ಕತಿ ಹೇಳ್ತಿ ಬೋಸುಡಿ? ಸಕ್ಕರಿ ರೋಗ ಇಲ್ಲದಾಂವಗ ಸಕ್ಕರಿ ಗುಳಿಗಿ ಕೊಡ್ತಾರೇನ? ಸುದ್ದಿ ಆದ್ರ ನನ್ನ ಸೀರಿ ಯಾರ ಮುಟ್ತಾರ? ಗುಳಿಗಿ ಬಿಡು, ಇಲ್ಲಾ ಮಗ್ಗ ಬಿಡು.”

ಗುಳಿಗೆಗಳನ್ನು ನೂಲಿನ ಧೂಳಿನಲ್ಲಿ ಎಸೆದ.

ಮಗ್ಗ ಬಿಟ್ಟರೆ ಶೇವಂತಿಯ ಮನೆಯ ಒಲೆ ಹೊತ್ತುವುದಿಲ್ಲ. ಗುಳಿಗೆ ಬಿಟ್ಟರೆ? ಗಂಡ ದುರಗೇಶನಿಗೆ ಬಂದದ್ದು ಮಾಮೂಲಿ ಔಷಧಕ್ಕೆ ಜಗ್ಗದ ಟಿಬಿ. ದವಾಖಾನೆಯ ಮಂಚದ ಮೇಲೆ ಅವನು ಬರೀ ಎಲುಬಾಗಿ ಬಿದ್ದಿದ್ದ. ಅವನ ಮಗ್ಗುಲಲ್ಲೇ ಮಲಗುತ್ತಿದ್ದ ಮಗಳು ಶ್ರೀದೇವಿಗೂ ದಿನಾ ಬೆಲ್ಲದ ಆಸೆ ತೋರಿಸಿ ಇದೇ ಗುಳಿಗೆ ನುಂಗಿಸಬೇಕು. ತಾಯಿಯೇ ಬಿಟ್ಟರೆ ಆ ಕೂಸು ಕಹಿಗೆ ಬಾಯಿ ತೆರೆದೀತೆ?

ಶೇವಂತಿ ಬಗ್ಗಿ ಗುಳಿಗೆ ಎತ್ತಿಕೊಂಡಳು.

“ಎಂಜಲಕ್ಕ ಬರಂಗಿಲ್ರಿ ಇದು. ಕೆಮ್ಮಿದ ಗಾಳಿಗೆ ಬರತೈತಂತ ನರ್ಸಬಾಯಿ ಹೇಳ್ಯಾರ. ನನ್ನ ಗಂಡ ಇಲ್ಲೇ ಕೆಮ್ಮಿಕೋಂತ ನಿಮ್ಮ ಸೀರಿ ನೇದಾನ್ರಿ. ಗಾಳಿ ಬಡದ್ರ ಎಳಿ ಹರಿತಾವಂತ ಕಿಡಕಿಗೆ ಹಲಗಿ ಬಡಿಸಿದಾವ್ರು ನೀವ.”

ಪಕ್ಕದ ಮಗ್ಗ ನಿಂತಿತು. ಅದನ್ನು ನಡೆಸುತ್ತಿದ್ದ ಮುದುಕಿ ಮಾಯವ್ವನ ಮುಖ ಬಿಳಿಚಿತ್ತು.

“ಶೇವಂತಿ, ನಾನೂ ಇದ ಗಾಳಿ ಕುಡದೇನಿ ಬೇ. ನನಗ ಯಾರ ಕೊಡ್ತಾರ ಗುಳಿಗಿ?”

ಆಚೆಯ ಮಗ್ಗವೂ ನಿಂತಿತು.

“ಹಲ್ಕಟ್ಟಗೋಳ, ಯಾರ ನಿಂದರಸಂದ್ರು?” ಶಿವಯೋಗೆಪ್ಪ ಚೀರಿದ.

ಶೇವಂತಿ ಅವನೆದುರೇ ನೀರಿಲ್ಲದೆ ಗುಳಿಗೆ ನುಂಗಿದಳು. ಮೂಲೆಯ ಸುತ್ತಿಗೆ ತಗೊಂಡು ಕಿಟಕಿಯ ಹಲಗೆಗೆ ಹೊಡೆದಳು. ಹಲಗೆ ಕಿತ್ತು ಬಿತ್ತು. ಒಣಗಾಳಿ ನುಗ್ಗಿ, ಇನ್ನೂ ನಡೆಯುತ್ತಿದ್ದ ಮಗ್ಗಗಳ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟನೆ ಹರಿಯತೊಡಗಿದವು.

“ಎಳಿ ಹರ್ಯಾಕತ್ತಾವ! ಹಿಡೀರಲೇ ಆಕಿನ್ನ!”

ಯಾರೂ ಹಿಡಿಯಲಿಲ್ಲ. ಶೇವಂತಿ ಸುತ್ತಿಗೆ ಹಿಡಿದೇ ಎರಡನೆಯ ಕಿಟಕಿಯತ್ತ ಹೋದಳು.