ಹೇಮಕ್ಕ ಇದ್ದಾರಲ್ಲ

"ನೀರಿಗೆ ಯಾರು?" ಎಂದು ಜಿತೇಶ್ ಕೇಳಿದ. ಯಾರೂ ಬಾಯಿ ತೆರೆಯುವ ಮೊದಲೇ ತಾನೇ ಬರೆದುಕೊಂಡ. "ಹೇಮಕ್ಕ."

ಫಳ್ನೀರಿನ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆಯವರೆಗೆ ಪೇಶಂಟುಗಳಿರುವುದಿಲ್ಲ. ಎಲ್ಲರೂ ಒಳಕೋಣೆಯಲ್ಲಿ ಟಿಫಿನ್ ಬಿಚ್ಚಿ ಕೂತಿದ್ದರು. ಎಕ್ಸ್‌ರೇ ತೆಗೆಯುವ ಜಿತೇಶನಿಗೆ ಊಟಕ್ಕಿಂತ ಭಾನುವಾರದ ಪಟ್ಟಿಯೇ ದೊಡ್ಡದಾಗಿತ್ತು. ಬೆಳಿಗ್ಗೆ ಆರೂವರೆಗೆ ವ್ಯಾನು, ಒಂಬತ್ತಕ್ಕೆ ಮಲ್ಪೆಯಲ್ಲಿ ಬೋಟು, ಬನ್ಸ್ ಜಿತೇಶನ ಮನೆಯಿಂದ, ಬಿರಿಯಾನಿ ಲ್ಯಾನ್ಸಿ ಡಾಕ್ಟ್ರ ಲೆಕ್ಕದಲ್ಲಿ. ಐಲ್ಯಾಂಡಿನಲ್ಲಿ ಹಗ್ಗ ಕಟ್ಟಿದ ಜಾಗದಲ್ಲಿ ಈಜಬಹುದು. ಈಜು ಬಾರದವರನ್ನು ನೋಡಿಕೊಳ್ಳಲು ಒಬ್ಬರು ಬೇಕು.

"ನಾನೆಂತಕ್ಕೆ ಮಾರಾಯಾ?" ಎಂದಳು ಕೌಂಟರಿನ ಹೇಮಾಕ್ಷಿ, ನಗಲು ನೋಡುತ್ತ.

"ಮತ್ತೆ ಯಾರು? ಬೆಂಗ್ರೆಯವರು ನೀವು. ಫೆರಿ ತಪ್ಪಿದರೆ ಹೊಳೆ ಈಜಿ ಬಂದವರು. ನಾವೆಲ್ಲ ಬಕೆಟಿನಲ್ಲಿ ಸ್ನಾನ ಮಾಡಿ ಗೊತ್ತಿರುವವರು."

ಎಲ್ಲರೂ ನಕ್ಕರು. ಹೇಮಾಕ್ಷಿಯೂ ನಕ್ಕಳು. ಅರ್ಧ ಉಳಿದ ಟಿಫಿನ್ನಿನ ಮುಚ್ಚಳ ಹಾಕಿದಳು.

ನಿಜ ಹೇಳಬೇಕೆಂದರೆ ಹೇಮಾಕ್ಷಿಗೆ ಈಜು ಬರುವುದಿಲ್ಲ. ಒಂದು ಮಾರು ದೂರ ಕೂಡ ಬರುವುದಿಲ್ಲ. ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆಯ ಮರಳಿನ ಪಟ್ಟಿಯಲ್ಲಿ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ನಲವತ್ತೆರಡು ವರ್ಷ ಕಳೆದವಳು. ನೀರಿಗೆ ಹಾರುತ್ತಿದ್ದದ್ದು ಹುಡುಗರು. ಹುಡುಗಿಯರು ಮೀನು ಒಣಗಿಸುತ್ತಿದ್ದರು, ಕಾಗೆ ಓಡಿಸುತ್ತಿದ್ದರು. ಲಂಗ ಒದ್ದೆ ಮಾಡಿಕೊಂಡು ಬಂದರೆ ಅಮ್ಮ ಪೊರಕೆ ಹಿಡಿದು ನಿಲ್ಲುತ್ತಿದ್ದಳು.

ಹಾಗಿದ್ದ ಮೇಲೆ ಈ ಸುಳ್ಳು ಎಲ್ಲಿಂದ ಬಂತು? ಆರು ವರ್ಷದ ಹಿಂದೆ ಕ್ಲಿನಿಕ್ಕಿಗೆ ಸೇರಿದ ಮೊದಲ ವಾರ ಅವಳು ಟಿಫಿನ್ ಬಿಚ್ಚಿದಾಗ ಆಗ ಇದ್ದ ನರ್ಸೊಬ್ಬಳು ಎದ್ದು ಹೋಗಿ ರೂಮಿಗೆ ಸೆಂಟಿನ ಸ್ಪ್ರೇ ಹೊಡೆದಿದ್ದಳು. ಏನೂ ಮಾತಾಡಲಿಲ್ಲ, ಹೊಡೆದು ಬಂದು ಕೂತಳು, ಅಷ್ಟೆ. ಆ ಮೇಲೆ ಹೇಮಾಕ್ಷಿ ಕ್ಲಿನಿಕ್ಕಿಗೆ ಮೀನು ತಂದದ್ದೇ ಇಲ್ಲ. ಅದೇ ವಾರ ಲ್ಯಾನ್ಸಿ ಡಾಕ್ಟ್ರು, "ಬೆಂಗ್ರೆಯಾ? ಹಾಗಾದ್ರೆ ಒಳ್ಳೆ ಈಜು ಬರ್ತದೆ ನಿಮಗೆ" ಎಂದಾಗ ಎಲ್ಲರ ಮುಖದಲ್ಲಿ ಮೊದಲ ಬಾರಿ ಒಂದಿಷ್ಟು ಮರ್ಯಾದೆ ಕಂಡಿತು. ಆ ಮರ್ಯಾದೆ ಅವಳಿಗೆ ಬೇಕಿತ್ತು. "ಫೆರಿ ತಪ್ಪಿದ್ರೆ ನಾವು ಈಜಿಕೊಂಡೇ ಬರ್ತಿದ್ದದ್ದು ಡಾಕ್ಟ್ರೇ" ಎಂದುಬಿಟ್ಟಳು. ಆಮೇಲೆ ಕೇಳಬೇಕೇ! ವರ್ಷಕ್ಕೊಂದು ಸಲ ಹೊಳೆ ಅಗಲವಾಯಿತು, ಮಳೆಗಾಲವೂ ಸೇರಿತು, ಒಮ್ಮೆ ಅವಳು ತಲೆಯ ಮೇಲೆ ಶಾಲೆಯ ಚೀಲ ಇಟ್ಟುಕೊಂಡು ಈಜಿದ್ದೂ ಆಯಿತು.

ಅಷ್ಟರಲ್ಲೇ ಇದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಡಾಕ್ಟ್ರ ಅಸಿಸ್ಟೆಂಟ್ ನಜ್ಲಾ ಆ ಮಾತನ್ನು ಹಿಡಿದುಕೊಂಡಳು.

ನಜ್ಲಾಳಿಗೆ ಇಪ್ಪತ್ತಮೂರು. ಉಳ್ಳಾಲದ ಹುಡುಗಿ, ಕಿಟಕಿ ತೆರೆದರೆ ಕಡಲು ಕೇಳುವ ಮನೆ. ಆದರೂ ಈವರೆಗೆ ಕಾಲು ಒದ್ದೆ ಮಾಡಿಕೊಂಡವಳಲ್ಲ. ಬರುವ ತಿಂಗಳು ಮದುವೆ, ಆಮೇಲೆ ಗಂಡ ಶಿಹಾಬನ ಜೊತೆ ಕಡಲಾಚೆಯ ದಮಾಮಿಗೆ. ಹೋಗುವ ಮೊದಲು ಒಂದೇ ಒಂದು ಸಲ ನೀರಿಗಿಳಿಯಬೇಕು ಎಂಬುದು ಅವಳ ಆಸೆ. ಮೈಪೂರ್ತಿ ಮುಚ್ಚುವ ಈಜಿನ ಡ್ರೆಸ್ಸನ್ನು ಆನ್‌ಲೈನಿನಲ್ಲಿ ತರಿಸಿ ಕ್ಲಿನಿಕ್ಕಿನ ಕಪಾಟಿನಲ್ಲೇ ಅಡಗಿಸಿಟ್ಟಿದ್ದಳು.

"ಹೇಮಕ್ಕ, ನೀವೇ ಬಂದು ಉಮ್ಮನ ಹತ್ರ ಕೇಳಬೇಕು. ನನ್ನ ಮಾತು ನಡೆಯುದಿಲ್ಲ. ನೀವು ಹೇಳಿದ್ರೆ ಬಿಡ್ತಾರೆ."

ಗುರುವಾರ ಸಂಜೆ ಹೇಮಾಕ್ಷಿ ಅವಳ ಜೊತೆ ಉಳ್ಳಾಲದ ಬಸ್ಸು ಹತ್ತಿದಳು. ಉಮ್ಮ ಹೇಗೂ ಬೇಡ ಅನ್ನುತ್ತಾರೆ, ತನ್ನ ಮಾನವೂ ಉಳಿಯುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು.

ನಜ್ಲಾಳ ತಾಯಿ ಹಬೀಬಾ ಚಹಾ ಕೊಟ್ಟರು, ತಟ್ಟೆ ತುಂಬ ತುಪ್ಪದ ತಿಂಡಿ ಇಟ್ಟರು, ಎದುರಿಗೆ ಕೂತರು. "ನನ್ನ ತಮ್ಮ ಶಾಹುಲ್ ಇದ್ದ," ಎಂದು ಶುರುಮಾಡಿದರು. "ಹದಿನೇಳು ವರ್ಷ. ಇಲ್ಲೇ, ಕಡಲಿಗೆ ಕಲ್ಲು ಹಾಕಿದ ಕಡೆ ಇಳಿದದ್ದು. ಮೂರನೇ ದಿನ ಬೆಂಗ್ರೆಯ ದೋಣಿಯವರೇ ಹುಡುಕಿ ತಂದು ಕೊಟ್ಟರು. ಒಂದು ಚಹಾ ಸಹ ಕುಡಿಯಲಿಲ್ಲ ಅವರು. ಅದಕ್ಕೇ ಇವಳನ್ನು ನೀರಿಗೆ ಬಿಡ್ಲಿಲ್ಲ ಹೇಮಾ, ಇಷ್ಟು ವರ್ಷ."

"ಹೌದು ಹಬೀಬಕ್ಕ. ಹೆದರಿಕೆ ಆಗ್ತದೆ."

"ಬೇರೆ ಯಾರು ಕೇಳಿದ್ರೂ ಇಲ್ಲ ಅಂತಿದ್ದೆ." ಹಬೀಬಾ ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ನಿನಗೆ ಈಜು ಬರ್ತದಲ್ಲ? ಸರಿಯಾಗಿ ಬರ್ತದಲ್ಲ? ಶಾಹುಲನ ಮೇಲೆ ಆಣೆ ಇಟ್ಟು ಹೇಳು."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಬಾಗಿಲಲ್ಲಿ ನಜ್ಲಾ ನಿಂತು ನೋಡುತ್ತಿದ್ದಳು. ಹೇಮಾಕ್ಷಿ ತೀರಿಹೋದ ಆ ಹುಡುಗನ ಮೇಲೆ, "ಬರ್ತದೆ ಅಕ್ಕ. ನಾನು ನೋಡಿಕೊಳ್ತೇನೆ" ಎಂದಳು. ನಜ್ಲಾ ಓಡಿಬಂದು ಅವಳನ್ನು ತಬ್ಬಿಕೊಂಡಳು. ಎಂಥ ಜನ್ಮ ನನ್ನದು ಎಂದು ಹೇಮಾಕ್ಷಿಗೆ ಅನಿಸಿತು. ತಬ್ಬಿದವಳ ಬೆನ್ನು ಸವರಲೂ ಅವಳಿಗೆ ನಾಚಿಕೆಯಾಯಿತು.

ಮೀನಿನ ಬೋಟಿನಿಂದ ಬಂದಿದ್ದ ಗಂಡ ಮಹಾಬಲನಿಗೆ ಆ ರಾತ್ರಿ ಎಲ್ಲ ಹೇಳಿದಳು. ಎರಡು ದಿನದಲ್ಲಿ ಕಲಿಸಲು ಆಗುತ್ತದಾ ಎಂದೂ ಕೇಳಿದಳು.

"ನನಗೇ ಬರುದಿಲ್ಲ ಮಾರಾಯ್ತಿ," ಎಂದ ಆತ, ಇಪ್ಪತ್ತೈದು ವರ್ಷದಿಂದ ಕಡಲಿಗೆ ಹೋಗುತ್ತಿರುವವ. "ನಮ್ಮ ಬೋಟಿನಲ್ಲಿ ಅರ್ಧಕ್ಕರ್ಧ ಜನಕ್ಕೆ ಬರುದಿಲ್ಲ. ಈಜಿಕೊಂಡೇ ಹೋಗುದಾದ್ರೆ ಬೋಟು ಎಂತಕ್ಕೆ? ಜ್ವರ ಅಂತ ಹೇಳಿ ಮಲಗು."

ಶನಿವಾರ ಸಂಜೆ ಅವಳು ಕ್ಲಿನಿಕ್ಕಿನ ಗ್ರೂಪಿಗೆ ಮೆಸೇಜ್ ಹಾಕಿದಳು. 'ಜೋರು ಜ್ವರ. ನೀವೆಲ್ಲ ಹೋಗಿಬನ್ನಿ.' ಜಿತೇಶ್ ಅಳುವ ಮುಖಗಳನ್ನು ಕಳಿಸಿದ. ನಜ್ಲಾ ಏನೂ ಬರೆಯಲಿಲ್ಲ. ತಾನಿಲ್ಲದಿದ್ದರೆ ಆ ಹುಡುಗಿ ದಡದಲ್ಲಾದರೂ ಕೂತು ಬರುತ್ತಾಳೆ, ಯಾರ ಜೀವಕ್ಕೂ ಅಪಾಯವಿಲ್ಲ ಎಂದು ಸಮಾಧಾನ ಹೇಳಿಕೊಂಡು ಹೇಮಾಕ್ಷಿ ಮಲಗಿದಳು.

ಭಾನುವಾರ ಹನ್ನೊಂದರ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಹೊರಗೆ, "ಹೇಮಕ್ಕನ ಮನೆ ಇದೇ ಅಲ್ವಾ?" ಎಂಬ ಧ್ವನಿ ಕೇಳಿತು. ಇಬ್ಬರು ಮಕ್ಕಳನ್ನು ಕಾಲೇಜಿಗೆ ಕಳಿಸಿದ ಹೆಂಗಸು, ಹೋಂವರ್ಕ್ ಮಾಡದ ಮಗುವಿನ ಹಾಗೆ ಓಡಿಹೋಗಿ ಹಾಸಿಗೆಗೆ ಬಿದ್ದು ಕುತ್ತಿಗೆಯವರೆಗೆ ಕಂಬಳಿ ಎಳೆದುಕೊಂಡಳು. ಸೆಕೆಗೆ ಮೈಯೆಲ್ಲ ಬೆವರಿತು.

ನಜ್ಲಾ ಒಳಗೆ ಬಂದು ಮಂಚದ ತುದಿಯಲ್ಲಿ ಕೂತಳು. ಬಂದರಿನಿಂದ ಫೆರಿಯಲ್ಲಿ ಬಂದಿದ್ದಳು. ಚೀಲದಿಂದ ಒಂದು ಪಾತ್ರೆ, ಒಂದು ನೀರಿನ ಬಾಟಲಿ ತೆಗೆದಳು.

"ನೀನು ಹೋಗ್ಲಿಲ್ವಾ?"

"ಉಮ್ಮ ಬಿಡ್ಲಿಲ್ಲ. ಹೇಮ ಇಲ್ಲದಿದ್ರೆ ಬೇಡ ಅಂದ್ರು. ಪರವಾಗಿಲ್ಲ ಹೇಮಕ್ಕ, ನಿಮಗೆ ಹುಷಾರಿಲ್ಲದ್ದಕ್ಕೆ ನೀವೆಂತ ಮಾಡುದು?" ಅವಳು ಪಾತ್ರೆಯ ಮುಚ್ಚಳ ತೆಗೆದಳು. "ಜೀರಿಗೆ ಗಂಜಿ. ಉಮ್ಮ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಮಾಡಿದ್ದು. ಈ ನೀರು ಮಸೀದಿಯ ಉಸ್ತಾದರ ಹತ್ರ ಓದಿಸಿ ತಂದದ್ದು, ಜ್ವರಕ್ಕೆ."

ಮಾತಾಡುತ್ತಲೇ ಅವಳು ಹೇಮಾಕ್ಷಿಯ ಹಣೆ ಮುಟ್ಟಿದಳು. ಕೈ ಅಲ್ಲಿಯೇ ಒಂದಿಷ್ಟು ಹೊತ್ತು ನಿಂತಿತು. ಆಮೇಲೆ ಅವಳ ಕಣ್ಣು ಕಂಬಳಿ ಹಿಡಿದ ಬೆರಳುಗಳಿಗೆ ಹೋಯಿತು. ಬೆರಳುಗಳ ತುಂಬ ಹಸಿ ತೆಂಗಿನ ತುರಿ ಅಂಟಿತ್ತು.

ಅಷ್ಟರಲ್ಲಿ ನಜ್ಲಾಳಿಗೆ ಫೋನು ಬಂತು. "ಹೋಗಿ ಮುಟ್ಟಿದ್ಯಾ? ಹೇಗುಂಟು ಹೇಮನಿಗೆ? ಜ್ವರ ಇಳಿದಿದ್ಯಾ?" ಹಬೀಬಾರ ಧ್ವನಿ ಕೋಣೆಗೆಲ್ಲ ಕೇಳುವಷ್ಟು ದೊಡ್ಡದು.

ನಜ್ಲಾ ಹೇಮಾಕ್ಷಿಯ ಮುಖ ನೋಡಲಿಲ್ಲ. ನೆಲ ನೋಡುತ್ತ, "ಉಂಟು ಉಮ್ಮ. ಜ್ವರ ಉಂಟು. ಮಲಗಿದ್ದಾರೆ" ಎಂದಳು.

ಈಜಿನ ಡ್ರೆಸ್ಸು ತರಿಸಿದ್ದನ್ನು ತಾಯಿಗೆ ಹೇಳದೆ ಇದ್ದದ್ದಕ್ಕೇ ನಿದ್ದೆ ಬರುವುದಿಲ್ಲ ಎಂದು ಒದ್ದಾಡುತ್ತಿದ್ದ ಹುಡುಗಿ ಇವಳು. ಈಗ ತನಗಾಗಿ ಸುಳ್ಳು ಹೇಳಿದಳು. ಹೇಮಾಕ್ಷಿ ಕಂಬಳಿ ಒದ್ದು ಎದ್ದು ಕೂತು ಫೋನು ಕಸಿದುಕೊಂಡಳು.

"ಹಬೀಬಕ್ಕ, ನನಗೆ ಜ್ವರ ಇಲ್ಲ."

"ಎಂತ?"

"ಜ್ವರ ಇಲ್ಲ. ಈಜು ಸಹ ಬರುದಿಲ್ಲ. ಯಾವತ್ತೂ ಬರ್ತಿರಲಿಲ್ಲ. ಹೊಳೆ ಈಜಿದ್ದು, ಚೀಲ ಹೊತ್ತದ್ದು, ಎಲ್ಲ ಸುಳ್ಳು. ನಿಮ್ಮ ತಮ್ಮನ ಮೇಲೆ ಹೇಳಿದ್ದೂ ಸುಳ್ಳು. ನನಗೆ ನಾಚಿಕೆ ಆಗ್ತದೆ ಅಕ್ಕ. ಬೈದುಬಿಡಿ."

ಆ ಕಡೆ ಕುಕ್ಕರ್ ಒಮ್ಮೆ ಕೂಗಿತು, ಇನ್ನೊಮ್ಮೆ ಕೂಗಿತು. ನಜ್ಲಾ ಎದ್ದು ಹಿಂಬಾಗಿಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು.

"ಶಾಹುಲನ ಹೆಸರು ಹಿಡಿದು ಕೇಳಿದ್ದೆ ನಾನು," ಎಂದರು ಹಬೀಬಾ ಕೊನೆಗೆ. "ಇವಳಿಗೆ ಏನಾದ್ರೂ ಆಗಿದ್ರೆ? ಆ ನೀರಿನಲ್ಲಿ ನೀವಿಬ್ಬರೂ ಹೋಗಿದ್ರೆ?"

"ಹೌದು ಅಕ್ಕ."

"ಹೌದು ಅಂತೆ! ಮನೆಯಲ್ಲಿ ಕೂತು ಹೌದು ಅನ್ನುದು ಸುಲಭ." ಹೇಮಾಕ್ಷಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದಳು. "ಅವಳು ಎಲ್ಲಿ?"

"ಹಿಂಬಾಗಿಲಲ್ಲಿ. ಕಡಲು ನೋಡ್ತಾ ಇದ್ದಾಳೆ."

"ಅಷ್ಟು ಹತ್ರವಾ?"

"ಹಿತ್ತಲು ದಾಟಿದ್ರೆ ಕಡಲೇ."

ಹಬೀಬಾ ಮೂಗು ಒರೆಸಿಕೊಂಡದ್ದು ಕೇಳಿತು. "ಅಳ್ತಿದ್ದಾಳಾ?"

"ಗೊತ್ತಾಗುದಿಲ್ಲ ಅಕ್ಕ. ಬೆನ್ನು ಹಾಕಿ ನಿಂತಿದ್ದಾಳೆ."

"ಕರ್ಕೊಂಡು ಹೋಗು. ಮೊಣಕಾಲಿನವರೆಗೆ. ಅದಕ್ಕಿಂತ ಒಂದು ಬೆರಳು ಮೇಲೆ ಬೇಡ."

"ಹಬೀಬಕ್ಕ, ನಾನು ಹೇಳಿದ್ದಲ್ಲ, ನನಗೆ..."

"ಕೇಳಿದೆ. ಈಜು ಬರ್ತದೆ ಅಂತಿದ್ದಿದ್ರೆ ಅವಳ ಕೈ ಬಿಡ್ತಿದ್ದಿ. ಬರುದಿಲ್ಲವಲ್ಲ, ಬಿಡ್ಲಿಕ್ಕಿಲ್ಲ." ಫೋನು ಕಟ್ ಆಯಿತು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೇಮಾಕ್ಷಿ ಅಲ್ಲಿಯೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕೈ ತೊಳೆದು ಹಿಂಬಾಗಿಲಿಗೆ ಬಂದಳು. ಉಮ್ಮ ಹೇಳಿದ್ದನ್ನು ಹೇಳಿದಳು. ನಜ್ಲಾ ನಂಬಲಿಲ್ಲ. ನಂಬಿದ ಮೇಲೂ ನಗಲಿಲ್ಲ.

"ಮೊನ್ನೆಯೇ ಹೇಳಬಹುದಿತ್ತು ಹೇಮಕ್ಕ. ನನ್ನ ಹತ್ರ ಆದ್ರೂ."

"ಹೇಳಬಹುದಿತ್ತು."

ಅವರು ಹಿತ್ತಲು ದಾಟಿದರು. ಭಾನುವಾರವಾದ್ದರಿಂದ ಹುಡುಗರು ದೂರದಲ್ಲಿ ಕ್ರಿಕೆಟ್ ಆಡುತ್ತಿದ್ದರು. ನಜ್ಲಾ ಚಪ್ಪಲಿ ಬಿಟ್ಟು ಪ್ಯಾಂಟಿನ ತುದಿ ಮಡಚಿದಳು. ಹೇಮಾಕ್ಷಿ ಸೀರೆ ಎತ್ತಿ ಸಿಕ್ಕಿಸಿಕೊಂಡು ಅವಳ ಮಣಿಕಟ್ಟು ಹಿಡಿದಳು. ಮೊದಲ ತೆರೆಗೆ ನಜ್ಲಾ ಕಿರುಚಿದಳು. ಎರಡನೆಯದಕ್ಕೆ ಕಾಲಡಿಯ ಮರಳು ಸರಿದು ಹೋದಾಗ ನಗು ಬಂತು ಅವಳಿಗೆ. ನೀರು ಮೊಣಕಾಲು ಮುಟ್ಟುವಲ್ಲಿ ಇಬ್ಬರೂ ನಿಂತರು. ಹೇಮಾಕ್ಷಿ ಹಿಡಿತ ಬಿಗಿ ಮಾಡಿದಳು.

"ಹೇಮಕ್ಕ, ಕೈ ನೋಯ್ತದೆ. ಸ್ವಲ್ಪ ಸಡಿಲ ಮಾಡಿ."

"ಇಲ್ಲ," ಎಂದಳು ಹೇಮಾಕ್ಷಿ, ಮುಂದಿನ ತೆರೆಯ ಮೇಲಿಂದ ಕಣ್ಣು ತೆಗೆಯದೆ.