ಏಳನೇ ಅಕ್ಕನ ಪುಟ

ಪೂನ್ ವಿಂಗ್‌ಕೇ ಮೂರನೆಯ ಸಲ ಮೆಟ್ಟಿಲಿಳಿದು ಶವಸಂಸ್ಕಾರ ಭವನದ ಕಚೇರಿಯ ಕಿಟಕಿಗೆ ಬಂದ. ಮೇಲೆ ನಾಲ್ಕು ಕೋಣೆ, ನಾಲ್ಕರ ಬಾಗಿಲ ಮೇಲೂ ಸತ್ತವರ ಹೆಸರಿನ ಹಲಗೆ. ನಾಲ್ಕನ್ನೂ ಓದಿದ್ದ. ತನಗೆ ಬೇಕಾದದ್ದು ಯಾವುದೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

"ಹೆಸರು ಹೇಳಿ ಅಂದ್ರೆ ಏಳನೇ ಅಕ್ಕ ಅಂತೀರಲ್ಲ," ಗುಮಾಸ್ತ ತಲೆ ಎತ್ತದೆ ಅಂದ. "ಹಾಂಕಾಂಗಲ್ಲಿ ಏಳನೇ ಅಕ್ಕಂದಿರಿಗೇನು ಬರವಾ? ನಿಜವಾದ ಹೆಸರು ಬೇಕು ಸರ್."

"ಮನೇಲಿ ಏಳನೆಯವರಂತೆ, ಕಾಲೇಜಲ್ಲಿ ಎಲ್ರೂ ಹಾಗೇ ಕರೀತಿದ್ವಿ."

"ಕರೀರಿ, ಬೇಡ ಅಂದೋರ್ಯಾರು? ನೀವು ಅವರಿಗೆ ಏನಾಗ್ಬೇಕು?"

ಏನೂ ಆಗಬೇಕಿರಲಿಲ್ಲ. ವಿಶ್ವವಿದ್ಯಾಲಯದ ಹುಡುಗರು ಉಳಿದುಕೊಂಡು ಓದುವ ಬೆಟ್ಟದ ಮೇಲಿನ ಆಂಗ್ಲಿಕನ್ ಕಾಲೇಜಿನಲ್ಲಿ ಅವಳು ನಲವತ್ತಾರು ವರ್ಷ ಬಟ್ಟೆ ಒಗೆದವಳು. ಅವನು ಅಲ್ಲೇ ಇದ್ದು ಓದಿ, ಮೇಷ್ಟರಾಗಿ, ಕಾಲೇಜಿಗೆ ನೂರು ತುಂಬಿದಾಗ ಅದರ ಚರಿತ್ರೆ ಬರೆದವನು. ನಾನೂರು ಪುಟ. ಮೊದಲ ಬಿಷಪ್ಪರ ನಾಯಿಯ ಹೆಸರೂ ಅದರಲ್ಲಿದೆ.

"ಪೂನ್ ಸರ್ ಅಲ್ವಾ?" ಕಪ್ಪು ಬಟ್ಟೆಯ ಹೆಂಗಸೊಬ್ಬಳು ಹತ್ತಿರ ಬಂದಳು. "ನಾನು ಸಾವ್‌ಯಿಂಗ್, ಅವರ ಅಣ್ಣನ ಮಗಳು. ಪುಸ್ತಕದ ಹಿಂಬದಿಯ ಫೋಟೋದಲ್ಲಿ ನೋಡಿದ್ದೆ ನಿಮ್ಮನ್ನ. ಬನ್ನಿ, ಎರಡನೇ ಕೋಣೆ."

ಅವನು ತಲೆ ತಗ್ಗಿಸಿಕೊಂಡು ಹಿಂದೆ ನಡೆದ. ಬಾಗಿಲ ಮೇಲಿನ ಹಲಗೆಯತ್ತ ನೋಡಲು ಮುಖವಿರಲಿಲ್ಲ.

ಒಳಗೆ ಇಪ್ಪತ್ತು ಜನವಿದ್ದರೆ ಹೆಚ್ಚು. ಶವಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಅವನ ಪುಸ್ತಕ ಇಟ್ಟಿದ್ದರು.

"ಅತ್ತೆಗೆ ಇಂಗ್ಲಿಷ್ ಬರ್ತಿರ್ಲಿಲ್ಲ," ಸಾವ್‌ಯಿಂಗ್ ಹೇಳಿದಳು. "ಆದ್ರೂ ಮನೆಗೆ ಬಂದೋರಿಗೆಲ್ಲ ತೋರ್ಸೋರು, ನಾನೂ ಇದರಲ್ಲಿದ್ದೀನಿ ಅಂತ. ನಂಗೆ ಅದನ್ನ ತೆರೆದು ಓದೋಕೆ ಪುರಸೊತ್ತೇ ಆಗ್ಲಿಲ್ಲ. ಅವರ ಬಗ್ಗೆ ಬರೆದದ್ದನ್ನ ನೀವೇ ಓದಿಬಿಡಿ ಸರ್, ನಮ್ಮ ಭಾಷೇಲಿ."

ಅವನು ಪುಸ್ತಕ ಕೈಗೆತ್ತಿಕೊಂಡ.

*

ಎಂಟು ವರ್ಷದ ಹಿಂದೆ ಅವನು ಕಾಲೇಜಿನ ಒಗೆಯುವ ಮನೆಗೆ ಹೋಗಿದ್ದ. ನಿವೃತ್ತಳಾದ ಮೇಲೂ, ವಿದ್ಯಾರ್ಥಿಗಳೆಲ್ಲ ಗೌನು ತೊಟ್ಟು ಉಣ್ಣುವ ದೊಡ್ಡ ಊಟದ ದಿನ ಅವಳು ಇಸ್ತ್ರಿ ಮಾಡಲು ಬರುತ್ತಿದ್ದಳು. ಎರಡು ಗಂಟೆ ಮಾತಾಡಿದಳು. ಹದಿನಾರರ ಹುಡುಗಿಯಾಗಿ ಬಂದಾಗ, ಯುದ್ಧದಲ್ಲಿ ಸೌದೆಯಾಗಿಹೋದ ಬಾಗಿಲುಗಳ ಜಾಗದಲ್ಲಿ ಇನ್ನೂ ಗೋಣಿತಟ್ಟು ತೂಗುತ್ತಿತ್ತಂತೆ. ಮೊದಲ ಸಲ ಹುಡುಗಿಯರು ಬಂದ ವರ್ಷ ವಾರ್ಡನ್ನರು ಬಟ್ಟೆ ಒಣಗಿಸುವ ಹಗ್ಗಕ್ಕೂ ಪರದೆ ಕಟ್ಟಿಸಿದರಂತೆ.

"ಪರೀಕ್ಷೇಲಿ ಯಾರು ಸೋತ್ರು ಅಂತ ನಂಗೇ ಮೊದಲು ಗೊತ್ತಾಗೋದು," ಅಂದಳು. "ದಿಂಬಿನ ಚೀಲ ಒದ್ದೆ ಇರೋದು. ನಿಂದೂ ಒಂದ್ಸಲ ಇತ್ತು ಬಿಡಪ್ಪ."

ಅವನು ನಕ್ಕ.

"ನಾನೂ ಬರ್ತೀನಾ ಪುಸ್ತಕದಲ್ಲಿ?"

"ನೀವಿಲ್ದೆ ಕಾಲೇಜಿನ ಚರಿತ್ರೆ ಉಂಟಾ ಏಳನೇ ಅಕ್ಕ? ಅಂದ ಹಾಗೆ, ಆ ಪರದೆ ಕಟ್ಸಿದ ವಾರ್ಡನ್ನರ ಹೆಂಡತಿ ಹೆಸರೇನು?"

ಅವಳು ಥಟ್ಟನೆ ಹೇಳಿದಳು. ಅವನು ಬರೆದುಕೊಂಡ. ಅವಳ ಹೆಸರನ್ನು ಕೇಳಲಿಲ್ಲ.

ಕೊನೆಗೆ ಪುಟ ಹೆಚ್ಚಾಯಿತೆಂದು ಅವಳ ಎರಡು ಗಂಟೆಯನ್ನು ಅವನೇ ತೆಗೆದುಹಾಕಿದ. ಒಂದು ಫೋಟೋ ಉಳಿಯಿತು. ಅದರ ಕೆಳಗೆ ಹೀಗೆ ಅಚ್ಚಾಗಿತ್ತು: ಎಡದಿಂದ, ಬಿಷಪ್, ವಾರ್ಡನ್, ಪೂನ್ ವಿಂಗ್‌ಕೇ, ಒಬ್ಬ ಕೆಲಸದಾಕೆ.

*

ಪುಸ್ತಕವನ್ನು ನಡುವಿಗೆ ತೆರೆದು ಅವನು "ಓದಿದ". ಗೋಣಿತಟ್ಟಿನ ಬಾಗಿಲು ಓದಿದ. ಹಗ್ಗದ ಪರದೆ ಬಂದಾಗ ಜನ ನಕ್ಕರು, ದಿಂಬಿನ ಚೀಲಕ್ಕೆ ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅವನ ಕಣ್ಣೆದುರಿನ ಪುಟದಲ್ಲಿ ಇದ್ದದ್ದು ಪ್ರಾರ್ಥನಾಮಂದಿರದ ಸೂರು ರಿಪೇರಿಯ ವಿವರ. ಉದ್ದಕ್ಕೂ ಏಳನೇ ಅಕ್ಕ ಅಂದರೇ ಸಾಕಾಯಿತು. ಪಾದ್ರಿಯೂ ನಮ್ಮ ಸಹೋದರಿ ಎಂದೇ ಪ್ರಾರ್ಥನೆ ಮುಗಿಸಿದರು. ಬಚಾವಾದೆ ಅಂದುಕೊಂಡ, ಹಾಗಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಪೆಟ್ಟಿಗೆ ಮುಚ್ಚುವ ಮುಂಚೆ ಸಾವ್‌ಯಿಂಗ್ ಪುಸ್ತಕ ತೆಗೆದುಕೊಂಡಳು. "ಆ ಪುಟ ತೆರೆದು ಅತ್ತೆಯ ಎದೆ ಮೇಲೆ ಇಡ್ತೀನಿ ಸರ್. ಯಾವ ಪುಟ?"

ಅವನು ಬಾಯಿ ತೆರೆಯುವಷ್ಟರಲ್ಲಿ ಪುಸ್ತಕ ಅವಳ ಅಂಗೈಯಲ್ಲಿ ತಾನಾಗಿ ತೆರೆದುಕೊಂಡಿತು. ಫೋಟೋ ಇದ್ದ ಪುಟ. ಬೆರಳು ತಾಗಿ ತಾಗಿ ಅದರ ಅಂಚು ಕಪ್ಪಾಗಿತ್ತು.

ಸಾವ್‌ಯಿಂಗ್ ಆಸ್ಪತ್ರೆಯಲ್ಲಿ ನರ್ಸು, ಇಂಗ್ಲಿಷ್ ಬರುತ್ತಿತ್ತು. ಕೆಳಗಿನ ಸಾಲನ್ನು ಎರಡು ಸಲ ಓದಿದಳು.

"ಹಾಗಾದ್ರೆ ನೀವು ಈಗ ಓದಿದ್ದು?"

"ಅವರು ಹೇಳಿದ್ದು. ನಾನು ಬರೀಲಿಲ್ಲ."

ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಚೀಲದಿಂದ ಪೆನ್ನು ತೆಗೆದು ಚಾಚಿದಳು. "ಆ ಸಾಲು ಹೊಡೆದು ಅವರ ಹೆಸರು ಬರೀರಿ. ಮುಚ್ಚೋಕೆ ಮುಂಚೆ."

ಸಾಲನ್ನು ಹೊಡೆದುಹಾಕಿದ. ಅಲ್ಲಿಗೆ ಕೈ ನಿಂತಿತು. ಬಾಗಿಲುಗಳ ಮೇಲೆ ಓದಿದ್ದ ನಾಲ್ಕು ಹೆಸರುಗಳಲ್ಲಿ ಈ ಕೋಣೆಯದು ಯಾವುದೋ ನೆನಪಾಗಲಿಲ್ಲ, ಇವಳನ್ನೇ ಕೇಳೋಣವೆಂದರೆ ನಾಚಿಕೆ.

"ಒಂದು ನಿಮಿಷ," ಎಂದು ಬಾಗಿಲಾಚೆ ಬಂದು ಕತ್ತೆತ್ತಿದ.

ಏಣಿಯ ಮೇಲೆ ನಿಂತ ಕೆಲಸದವನು ಹಲಗೆಯ ಅಕ್ಷರಗಳನ್ನು ಕಿತ್ತು ಬಕೆಟ್ಟಿಗೆ ಹಾಕುತ್ತಿದ್ದ. ಮೋಕ್ ಎಂಬ ಮನೆತನದ ಹೆಸರೊಂದು ಉಳಿದಿತ್ತು. ಪೂನ್ ನೋಡುತ್ತಿದ್ದಂತೆ ಅದೂ ಇಳಿಯಿತು.

"ಮುಂದಿನವರಾ ಸರ್?" ಕೆಲಸದವನು ಕೆಳಗೆ ಬಗ್ಗಿ ಕೇಳಿದ. "ಯಾರ ಹೆಸರು ಹಾಕ್ಬೇಕು?"

ಪೂನ್ ಮುಚ್ಚಳ ತೆಗೆದ ಪೆನ್ನು ಹಿಡಿದು ಬರಿದಾದ ಹಲಗೆಯ ಕೆಳಗೆ ನಿಂತೇ ಇದ್ದ.