ಮಲ್ಲಿಗೆ ಮೊಗ್ಗಿನ ನುಸಿ

ನವರಾತ್ರಿ ಹತ್ತಿರ ಬಂದಿತ್ತು, ಮಳೆ ಬಿಟ್ಟೂ ಬಿಡದ ಹಾಗಿತ್ತು. ಬೆಳಗಿನ ಬಿಸಿಲು ಗಿಡದ ಬುಡಕ್ಕೆ ಇಳಿಯುವ ಹೊತ್ತಿಗೆ ಪುಷ್ಪಾವತಿಯ ಮೈದುನ ದೇವದಾಸ ಬೇಲಿ ದಾಟಿ ಬಂದ.

"ಅತ್ತಿಗೆ, ಜೆಸಿಬಿ ಕಾಪುವಿನಿಂದ ಹೊರಟಿತು. ನಿಮ್ಮ ಗಿಡದ ಬೇರು ಕೊಳೆತಿದೆ. ಇವತ್ತು ಕೀಳದಿದ್ದರೆ ನಾಳೆ ನನ್ನ ತೋಟಕ್ಕೂ ಬರುತ್ತದೆ."

ಶಂಕರಪುರದ ಆ ತುಂಡು ಮಲ್ಲಿಗೆ ತೋಟವನ್ನು ಗಂಡ ತೀರಿಕೊಂಡ ಮೇಲೆ ಅವಳು ಕೈಯಾರೆ ಎಬ್ಬಿಸಿದ್ದು. ಜಾಗ ಮಾತ್ರ ಇನ್ನೂ ಮೈದುನನ ಜೊತೆ ಜಂಟಿ ಹೆಸರಿನಲ್ಲಿತ್ತು. ಈಗ ಎಲೆ ಮುರುಟಿತ್ತು, ಮೊಗ್ಗು ಕಂದಿ ಉದುರುತ್ತಿತ್ತು. ಬೇರು ಗಟ್ಟಿ ಉಂಟು, ಇದು ನುಸಿಯ ಕೆಲಸ, ಮದ್ದು ಹೊಡೆದರೆ ಹೋಗುತ್ತದೆ ಎಂದು ಅವಳು ಹೇಳುತ್ತಲೇ ಇದ್ದಳು. "ಎಲ್ಲುಂಟು ನುಸಿ? ತೋರಿಸಿ, ಜೆಸಿಬಿಯನ್ನು ಹಿಂದೆ ಕಳಿಸುತ್ತೇನೆ" ಎನ್ನುತ್ತಿದ್ದ ಅವನು. ಇಬ್ಬರ ಮುದಿಗಣ್ಣಿಗೂ ಕಾಣುವಂಥದ್ದಲ್ಲ ಅದು.

ಅದಕ್ಕೇ ತಂಗಿಯ ಮಗ ಧನರಾಜ್‌ನನ್ನು ಕರೆಸಿದ್ದಳು. ಬನ್ನಂಜೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಫೋಟೋ ತೆಗೆಯುವವನು. ಹೊಸ ಮ್ಯಾಕ್ರೋ ಲೆನ್ಸ್ ತಂದಿದ್ದ.

"ಸಾಸಿವೆಯನ್ನು ಕುಂಬಳಕಾಯಿ ಮಾಡಿ ತೋರಿಸುತ್ತದೆ ದೊಡ್ಡಮ್ಮ. ಆದರೆ ನನಗೇ ಇದು ಇನ್ನೂ ಕೈಗೆ ಕೂತಿಲ್ಲ."

ಅವಳು ಮೊಗ್ಗು ಕೊಯ್ದು ಬಾಳೆ ಎಲೆಯಲ್ಲಿ ತಂದಿಟ್ಟಳು. ಅವನು ಬಗ್ಗಿ ಒಂದಾದ ಮೇಲೊಂದು ಫೋಟೋ ತೆಗೆದ. ಕ್ಯಾಮೆರಾ ಪರದೆಯ ತುಂಬ ಬರೀ ಮೊಗ್ಗು, ಮೇಲೆ ನೀರಹನಿ. ನುಸಿಯ ಸುಳಿವಿಲ್ಲ.

"ಭಾರೀ ಚಂದ ಬಂದಿದೆ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಅತ್ತಿಗೆ" ಎಂದ ದೇವದಾಸ.

ರಸ್ತೆಯ ತಿರುವಿನಲ್ಲಿ ಜೆಸಿಬಿಯ ಸದ್ದು ಕೇಳಿತು. ಅವಳು ಪರದೆಯ ಆ ಹನಿಗಳನ್ನೇ ನೋಡಿದಳು, ಆಮೇಲೆ ತನ್ನ ಒದ್ದೆ ಬೆರಳುಗಳನ್ನು. ಕೊಯ್ದ ಮೊಗ್ಗು ಎಲೆಗೆ ಬಿದ್ದ ಕೂಡಲೇ ನೀರು ಚಿಮುಕಿಸುವುದು, ಆಮೇಲೆ ನಾರಿನಲ್ಲಿ ಕಟ್ಟುವುದು. ಎಳವೆಯಿಂದ ಕಲಿತ ಕೈ, ಕೇಳದೆಯೇ ಇವತ್ತೂ ಚಿಮುಕಿಸಿತ್ತು.

"ಅಯ್ಯೋ ಮಾರಾಯ, ನುಸಿಯನ್ನು ನಾನೇ ತೊಳೆದುಬಿಟ್ಟೆನಲ್ಲ! ಗಿಡದಲ್ಲಿರುವುದನ್ನೇ ತೆಗಿ!"

ಧನರಾಜ್ ಕೆಸರಿನಲ್ಲೇ ಬೋರಲು ಮಲಗಿದ. ಕಡಲ ಕಡೆಯ ಗಾಳಿಗೆ ಮೊಗ್ಗು ಪರದೆಯಲ್ಲಿ ಕಂಡಂತೆ ಆಗಿ ಮಸುಕಾಗುತ್ತಿತ್ತು. ಅವಳು ಕೂತು ಮೊಗ್ಗಿನ ತೊಟ್ಟನ್ನು ಎರಡು ಬೆರಳಿನಲ್ಲಿ ಹಿಡಿದಳು.

"ಉಸಿರು ಬಿಡಬೇಡಿ ದೊಡ್ಡಮ್ಮ."

ಜೆಸಿಬಿ ಗೇಟಿನೊಳಗೆ ಬಂತು. ನೆಲ ಅದುರಿತು, ನೆಲದ ಜೊತೆ ಮೊಗ್ಗೂ.

"ದೇವಣ್ಣ, ಎಂಜಿನ್ ನಿಲ್ಲಿಸಲಿಕ್ಕೆ ಹೇಳಿ!" ಧನರಾಜ್ ಮಲಗಿದಲ್ಲಿಂದಲೇ ಕೂಗಿದ.

ದೇವದಾಸ ಅಲ್ಲಾಡಲಿಲ್ಲ. ಅವಳೂ ತಲೆ ಎತ್ತಲಿಲ್ಲ, ಕೇಳಿಕೊಳ್ಳಲೂ ಇಲ್ಲ. ತೊಟ್ಟನ್ನು ಬಿಡದೆ ಹಿಡಿದ ಅವಳ ಬೆರಳುಗಳನ್ನು ಅವನು ನೋಡಿದ. ಕೊನೆಗೆ ಜೆಸಿಬಿ ಚಾಲಕನತ್ತ ಕೈ ಎತ್ತಿದ. ಎಂಜಿನ್ ನಿಂತಿತು.

ಕ್ಲಿಕ್.

ಮೊಗ್ಗಿನ ಎಸಳಿನ ಸಂದಿನಲ್ಲಿ ಹಳದಿ ನೂಲಿನ ಚೂರುಗಳ ಹಾಗೆ ಸಾಲಾಗಿ ಕೂತಿದ್ದವು ನುಸಿಗಳು, ಕಾಲು ಮೀಸೆ ಸಮೇತ.

ದೇವದಾಸ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಬೇಲಿಯಾಚೆ ತನ್ನ ತೋಟಕ್ಕೆ ಹೋಗಿ, ಕಂದಿದ ಒಂದು ಮೊಗ್ಗನ್ನು ಅಂಗೈಯಲ್ಲಿ ಮುಚ್ಚಿ ತಂದ.

"ಇದನ್ನೂ ಒಮ್ಮೆ ನೋಡು ಮಾರಾಯ" ಎಂದ, ಸ್ವರ ತಗ್ಗಿಸಿ.

ಅದರಲ್ಲೂ ಇದ್ದವು.

ಅವತ್ತು ಮೊದಲು ಹೊರಟದ್ದು ಜೆಸಿಬಿ, ಬಂದ ದಾರಿಯಲ್ಲೇ. ಅದರ ಹಿಂದೆ ಧನರಾಜ್‌ನ ಬೈಕಿನಲ್ಲಿ ಕೂತು ದೇವದಾಸನೂ ಹೋದ, ಉಡುಪಿಯಿಂದ ಎರಡು ತೋಟಕ್ಕೂ ಮದ್ದು ತರಲಿಕ್ಕೆ.